ಜೇನಿಗಾಗಿ ಬಿತ್ತಿದ ಬಯಲು

ದೊಡ್ಡ ಪಟ್ಟಣಗಳ ಸಾರ್ವಜನಿಕೋದ್ಯಾನವು ಹೇಗಿರಬೇಕೆಂಬ ವಿಷಯದಲ್ಲಿ ಜನರಿಗೆ ಒಂದು ನಿಶ್ಚಿತವಾದ ಭಾವನೆಯುಂಟು. ಹುಲ್ಲು ಜಮಖಾನವನ್ನು ಹಾಸಿದಂತೆ ಸಮನಾಗಿರಬೇಕು. ಹೂಗಿಡಗಳು ಶಾಲೆಯ ಮಕ್ಕಳಂತೆ ಸಾಲುಸಾಲಾಗಿ ನಿಂತಿರಬೇಕು. ಎಲ್ಲಿಯೂ ಒಂದು ಕಳೆಯೂ ತಲೆಯೆತ್ತಕೂಡದು. ಇಂತಹ ಉದ್ಯಾನವನ್ನು ಕಂಡರೆ ಪುರಸಭೆಯವರು ತಮ್ಮ ಕರ್ತವ್ಯವನ್ನು ಚೆನ್ನಾಗಿ ನಡೆಸುತ್ತಿರುವರೆಂದು ನಾವು ಸಂತೋಷಪಡುವೆವು. ಆದರೆ ಆ ಸೊಗಸಾದ ಹುಲ್ಲುಹಾಸಿನಲ್ಲಿ ಒಂದು ಜೇನುನೊಣಕ್ಕೆ ಆಹಾರವೇನಾದರೂ ಉಂಟೇ ಎಂದು ನಮ್ಮಲ್ಲಿ ಕೇಳುವವರು ವಿರಳ. ಈ ಪ್ರಶ್ನೆಯನ್ನು ಇಂಗ್ಲೆಂಡಿನ ಕೆಲವು ಪುರಸಭೆಗಳು ಈಚಿನ ವರ್ಷಗಳಲ್ಲಿ ಕೇಳಿಕೊಂಡಿವೆ. ಅದರ ಫಲವಾಗಿ ಅಲ್ಲಿ ನಡೆದ ಕಾರ್ಯವೆಂತಹುದು, ಅದರಿಂದ ತಿಳಿದುಬಂದ ಸಂಗತಿಗಳಾವುವು ಎಂಬುದನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ಲಂಡನ್ ನಗರದ ವಾಯವ್ಯ ಭಾಗದಲ್ಲಿ ಬ್ರೆಂಟ್ ಎಂಬುದೊಂದು ಆಡಳಿತವಿಭಾಗವಿದೆ. ಕಾಲ್ಚೆಂಡಾಟಕ್ಕೆ ಹೆಸರಾದ ವೆಂಬ್ಲಿಯ ಮೈದಾನವಿರುವುದು ಇಲ್ಲಿಯೇ. ೨೦೧೯ನೆಯ ಇಸವಿಯಲ್ಲಿ ಇಲ್ಲಿನ ಪುರಸಭೆಯವರು ತಮ್ಮ ಉದ್ಯಾನಗಳಲ್ಲಿಯೂ ಬಯಲುಗಳಲ್ಲಿಯೂ ೨೨ ಎಡೆಗಳನ್ನು ಆರಿಸಿ, ನೆಲವನ್ನು ಹದಮಾಡಿಸಿ, ಕಾಡುಹೂಗಳ ಬೀಜವನ್ನು ಬಿತ್ತಿಸಲು ತೊಡಗಿದರು. ಗಸಗಸೆಯ ಕುಲಕ್ಕೆ ಸೇರಿದ ಕೆಂಪು ಪಾಪಿ, ಹಳದಿ ಬಣ್ಣದ ಕೌಸ್ಲಿಪ್, ಚಿಂದಿಯಂತೆ ಸೀಳಿದ ಎಸಳುಗಳುಳ್ಳ ರ್ಯಾಗೆಡ್ ರಾಬಿನ್ ಮೊದಲಾದುವು ಆ ಬೀಜಗಳಲ್ಲಿದ್ದುವು. ಈ ೨೨ ಬಯಲುಗಳೂ ಸೇರಿ ಏಳು ಮೈಲಿಗಳ ಉದ್ದಕ್ಕೆ ಒಂದು ದಾರಿಯಂತಾಗುವುದರಿಂದ ಅದಕ್ಕೆ ಜೇನುನೊಣಗಳ ದಾರಿಯೆಂದೇ ಹೆಸರಾಯಿತು. ಒಂಟಿಯಾಗಿ ಬಾಳುವ ಸಣ್ಣ ಜೇನುನೊಣಗಳಲ್ಲಿ ಎಷ್ಟೋ ಜಾತಿಗಳು ತಮ್ಮ ಗೂಡಿನಿಂದ ಕೆಲವು ನೂರು ಗಜಗಳಿಗಿಂತ ಹೆಚ್ಚು ದೂರ ಹೋಗಲಾರವು. ಬೇಸಗೆಯಲ್ಲಿ ದಾರಿಹೋಕರಿಗೆಂದು ನಮ್ಮ ಹಿರಿಯರು ಅಲ್ಲಲ್ಲಿ ಅರವಟ್ಟಿಗೆಗಳನ್ನಿಡಿಸುತ್ತಿದ್ದರಷ್ಟೆ. ಮನೆಗಳೂ ರಸ್ತೆಗಳೂ ತುಂಬಿದ ಪಟ್ಟಣದ ನಡುವೆ ಆ ಬಯಲುಗಳು ಕೀಟಗಳಿಗೆ ಅಂತಹ ಅರವಟ್ಟಿಗೆಗಳೇ ಆದುವು.

ಹಸುರಿಗೆ ಹೆಸರಾದ ಆ ದೇಶದಲ್ಲಿ ಹೂವನ್ನು ಕೈಯಾರೆ ಬಿತ್ತುವ ಅಗತ್ಯವೇಕೆ ಬಂದಿತು? ಇದನ್ನು ತಿಳಿಯಬೇಕಾದರೆ ಅಲ್ಲಿನ ಹಳೆಯ ಬೇಸಾಯಕ್ರಮವನ್ನು ಸ್ವಲ್ಪ ನೋಡಬೇಕು. ಚಳಿಗಾಲದಲ್ಲಿ ದನಗಳಿಗೆ ಮೇವು ದೊರೆಯದ ದೇಶವಾದುದರಿಂದ, ಅಲ್ಲಿನ ರೈತರು ಕೆಲವು ಬಯಲುಗಳನ್ನು ವಸಂತದಿಂದ ಮೇಯಿಸದೆ ಬಿಟ್ಟು, ಬೇಸಗೆಯ ನಡುವಿನಲ್ಲಿ ಹುಲ್ಲನ್ನು ಕೊಯ್ದು ಒಣಗಿಸಿ ಬಣವೆಯೊಟ್ಟುತ್ತಿದ್ದರು. ಕೊಯ್ಲಿಗೆ ಮುಂಚಿನ ಆ ಮೂರು ನಾಲ್ಕು ತಿಂಗಳುಗಳಲ್ಲಿ ಹುಲ್ಲಿನೊಡನೆ ನೂರು ಬಗೆಯ ಹೂಗಿಡಗಳು ಬೆಳೆದು, ಅರಳಿ, ಬೀಜವುದುರಿಸುತ್ತಿದ್ದುವು. ಯಾರೂ ಅವನ್ನು ಬಿತ್ತಲಿಲ್ಲ. ಶತಮಾನಗಳ ರೂಢಿಯೇ ಅವನ್ನು ಕಾಪಾಡಿತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಧಾನ್ಯಕ್ಕಾಗಿ ಇಂತಹ ಬಯಲುಗಳನ್ನು ಉಳಲಾಯಿತು. ಬಳಿಕ ರಾಸಾಯನಿಕ ಗೊಬ್ಬರವು ಬಂದಿತು. ಒಣಹುಲ್ಲಿನ ಬದಲು ಹಸಿಹುಲ್ಲನ್ನೇ ಕೊಯ್ದು ಹುಳಿಬರಿಸಿ ಕೂಡಿಡುವ ಪದ್ಧತಿಯು ಬಂದಿತು. ಹೂ ಅರಳುವ ಮೊದಲೇ ಕೊಯ್ಲು ನಡೆಯತೊಡಗಿತು. ೧೯೮೭ರಲ್ಲಿ ಪ್ರಕಟವಾದ ಒಂದು ಪರಿಶೀಲನೆಯ ಪ್ರಕಾರ, ೧೯೩೦ರ ದಶಕದಿಂದ ೧೯೮೪ರೊಳಗೆ ಇಂಗ್ಲೆಂಡು ಮತ್ತು ವೇಲ್ಸುಗಳ ತಗ್ಗುಪ್ರದೇಶದ ಇಂತಹ ಬಯಲುಗಳಲ್ಲಿ ನೂರಕ್ಕೆ ೯೭ ಪಾಲು ನಷ್ಟವಾಗಿದ್ದುವು. ಒಬ್ಬ ಮನುಷ್ಯನ ಆಯುಷ್ಯವೂ ಪೂರ್ತಿಯಾಗದಷ್ಟು ಅಲ್ಪಕಾಲದಲ್ಲಿ ನೂರು ಛತ್ರಗಳಲ್ಲಿ ೯೭ ಮುಚ್ಚಿಹೋದಂತಾಯಿತು.

ಈ ಛತ್ರಗಳಲ್ಲಿ ಉಣ್ಣುತ್ತಿದ್ದವರಾರು? ಜೇನುನೊಣವೆಂದೊಡನೆ ನಮಗೆ ಜ್ಞಾಪಕಕ್ಕೆ ಬರುವುದು ತುಪ್ಪವನ್ನು ಕೂಡಿಡುವ ನೊಣವೊಂದೇ. ಬ್ರಿಟನ್ನಿನಲ್ಲಿ ಸುಮಾರು ೨೭೦ ಜಾತಿಯ ಜೇನುನೊಣಗಳಿವೆ. ಅವುಗಳಲ್ಲಿ ನಾವು ಉಣ್ಣುವ ಜೇನನ್ನು ಕೊಡುವುದು ಒಂದೇ ಒಂದು ಜಾತಿ. ಮೈತುಂಬ ರೋಮವುಳ್ಳ, ದಪ್ಪನೆಯ, ಬಂಬಲ್‌ಬೀ ಎಂದು ಅಲ್ಲಿನವರು ಕರೆಯುವ ದುಂಬಿಗಳು ಸುಮಾರು ಎರಡು ಡಜನ್ ಜಾತಿ. ಉಳಿದ ಬಹುಪಾಲು ಜಾತಿಗಳಲ್ಲಿ ರಾಣಿಯಿಲ್ಲ, ಪರಿವಾರವಿಲ್ಲ. ಒಂದೊಂದು ಹೆಣ್ಣುನೊಣವೂ ತಾನೊಂದೇ ಮಣ್ಣಿನಲ್ಲಿಯೋ ಮರದ ರಂಧ್ರದಲ್ಲಿಯೋ ಗೂಡುಮಾಡಿ ಸಂಸಾರ ಸಾಗಿಸುವುದು. ಇವೆಲ್ಲಕ್ಕೂ ಹೂವಿನಿಂದ ಎರಡು ವಸ್ತುಗಳು ಬೇಕು. ಮಕರಂದವು ಹಾರಾಟಕ್ಕೆ ಬೇಕಾದ ಶಕ್ತಿಯನ್ನು ಕೊಡುವುದು. ಪರಾಗವು ಮರಿಗಳ ಮೈಬೆಳೆಸುವುದು. ಹೂವಿಗೂ ಇದರಲ್ಲಿ ಲಾಭವುಂಟು. ನೊಣದ ಮೈಗೆ ಮೆತ್ತಿದ ಪರಾಗವು ಮತ್ತೊಂದು ಹೂವನ್ನು ಸೇರಿದರೆ ತಾನೆ ಕಾಯಿಕಚ್ಚುವುದು?

ಈ ಕೊಡುಕೊಳೆಯು ಎಷ್ಟು ಸೂಕ್ಷ್ಮವಾದುದೆಂಬುದಕ್ಕೆ ಒಂದು ಚರಿತ್ರೆಯಿದೆ. ಇಂಗ್ಲೆಂಡಿನಿಂದ ನ್ಯೂಜಿಲೆಂಡಿಗೆ ಹೋಗಿ ನೆಲಸಿದ ರೈತರು ದನಗಳ ಮೇವಿಗೆಂದು ಕೆಂಪು ಕ್ಲೋವರ್ ಎಂಬ ಸಸ್ಯವನ್ನು ಅಲ್ಲಿ ಬೆಳೆಸಿದರು. ಗಿಡವು ಹುಲುಸಾಗಿ ಬೆಳೆಯಿತು, ಹೂವೂ ಬಿಟ್ಟಿತು. ಆದರೆ ಬೀಜವು ಸರಿಯಾಗಿ ಕಟ್ಟಲಿಲ್ಲ. ಆ ಹೂವಿನ ನಾಳವು ಉದ್ದವಾದುದು. ಅದರ ತಳದ ಮಕರಂದವನ್ನು ಮುಟ್ಟಲು ಸಾಮಾನ್ಯ ಜೇನುನೊಣದ ನಾಲಗೆಯು ಸಾಲದು. ಉದ್ದ ನಾಲಗೆಯ ದುಂಬಿಯು ಆ ದೇಶದಲ್ಲಿರಲಿಲ್ಲ. ಕಡೆಗೆ ೧೮೮೫ರಲ್ಲಿ ಇಂಗ್ಲೆಂಡಿನಿಂದ ದುಂಬಿಗಳನ್ನು ಹಡಗಿನಲ್ಲಿ ಸಾಗಿಸಿ ಅಲ್ಲಿ ಬಿಡಬೇಕಾಯಿತು. ಹೀಗೆ ಹೋದ ದುಂಬಿಗಳಲ್ಲಿ ನಾಲ್ಕು ಜಾತಿಗಳು ಅಲ್ಲಿ ನೆಲೆಯೂರಿದುವು.

ಅವುಗಳಲ್ಲಿ ಗಿಡ್ಡ ರೋಮದ ದುಂಬಿಯೆಂಬುದು ಒಂದು. ವಿಧಿಯ ವಿಚಿತ್ರವನ್ನು ನೋಡಿರಿ: ದೂರದ ದ್ವೀಪದಲ್ಲಿ ಅದು ಬದುಕಿಕೊಂಡಿತು, ತವರಿನಲ್ಲಿ ಅಳಿದುಹೋಯಿತು. ಇಂಗ್ಲೆಂಡಿನಲ್ಲಿ ಅದು ಕಡೆಯದಾಗಿ ಕಾಣಿಸಿದುದು ೧೯೮೮ರಲ್ಲಿ. ೨೦೦೦ದಲ್ಲಿ ಅದು ನಿರ್ವಂಶವಾಯಿತೆಂದು ಸಾರಿದರು. ಅದನ್ನು ಮರಳಿ ತರಬೇಕೆಂದು ಕೆಂಟ್ ಪ್ರಾಂತದ ಸಮುದ್ರತೀರದಲ್ಲಿ ರೈತರೂ ವಿದ್ವಾಂಸರೂ ಕೂಡಿ ಹೂವಿನ ಬಯಲುಗಳನ್ನು ಬೆಳೆಸಿದರು. ೨೦೧೨ರಿಂದ ಕೆಲವು ವರ್ಷ ಸ್ವೀಡನ್ ದೇಶದಿಂದ ರಾಣಿದುಂಬಿಗಳನ್ನು ತಂದು ಬಿಟ್ಟರು. ಆ ದುಂಬಿಯು ಮಾತ್ರ ಅಲ್ಲಿ ಮತ್ತೆ ನೆಲೆಗೊಳ್ಳಲಿಲ್ಲ. ಆದರೂ ಆ ಶ್ರಮವು ವ್ಯರ್ಥವಾಗಲಿಲ್ಲ. ಅದಕ್ಕಾಗಿ ಬೆಳೆಸಿದ ಹೂಗಳಿಂದ ಅದೇ ಪ್ರಾಂತದಲ್ಲಿ ಕ್ಷೀಣಿಸುತ್ತಿದ್ದ ಬೇರೆ ವಿರಳ ದುಂಬಿಗಳಿಗೆ ಅನುಕೂಲವಾಯಿತು. ಹೋದ ಅತಿಥಿಗಾಗಿ ಬಡಿಸಿದ ಎಲೆಯು ಹಸಿದಿದ್ದ ಮತ್ತೊಬ್ಬನಿಗೆ ಒದಗಿತು. ಸಕಾಲದಲ್ಲಿ ಬಡಿಸಿದ್ದರೆ ಇಬ್ಬರೂ ಉಳಿಯಬಹುದಾಗಿತ್ತು. ಉದ್ಯಾನದ ಒಂದು ಮೂಲೆಯಲ್ಲಿ ಹೂ ಬಿತ್ತುವ ಕಾರ್ಯವು ಕೇವಲ ವಿನೋದವಲ್ಲವೆಂಬುದನ್ನು ಇದರಿಂದ ಗ್ರಹಿಸಬಹುದು.

ಇನ್ನು ಬಿತ್ತುವ ಕ್ರಮವನ್ನು ನೋಡೋಣ. ಹೂವು ಬೇಕಾದರೆ ಭೂಮಿಗೆ ಗೊಬ್ಬರವನ್ನು ಚೆನ್ನಾಗಿ ಹಾಕಬೇಕೆಂದು ನಾವೆಲ್ಲರೂ ತಿಳಿದಿರುವೆವು. ಕುಂಡದ ಗುಲಾಬಿಗೆ ಅದು ಸತ್ಯ. ಕಾಡುಹೂವಿನ ಬಯಲಿಗೆ ಅದೇ ಅಪಾಯ. ಹಾರ್ಪೆಂಡನ್ ಎಂಬ ಊರಿನ ಬಳಿ ರಾಥಮ್‌ಸ್ಟೆಡ್ ಎಂಬ ಕೃಷಿ ಸಂಶೋಧನಾಲಯವಿದೆ. ಅಲ್ಲಿ ಲಾಸ್ ಮತ್ತು ಗಿಲ್ಬರ್ಟ್ ಎಂಬ ಇಬ್ಬರು ಪಂಡಿತರು ೧೮೫೬ರಲ್ಲಿ ಒಂದು ಹುಲ್ಲುಗಾವಲನ್ನು ಪಾಲುಪಾಲಾಗಿ ವಿಂಗಡಿಸಿ, ಒಂದೊಂದಕ್ಕೆ ಒಂದೊಂದು ಬಗೆಯ ಗೊಬ್ಬರವನ್ನು ಹಾಕಿಸಿ, ಕೆಲವನ್ನು ಗೊಬ್ಬರವಿಲ್ಲದೆ ಬಿಟ್ಟು, ಪರೀಕ್ಷೆಗೆ ತೊಡಗಿದರು. ಅವರ ಉದ್ದೇಶವು ಮೇವನ್ನು ಹೆಚ್ಚಿಸುವುದಾಗಿದ್ದಿತು. ಆ ಪರೀಕ್ಷೆಯು ಇಂದಿಗೂ ನಡೆಯುತ್ತಿದೆ. ಅದರಿಂದ ತಿಳಿದುದೇನೆಂದರೆ, ಗೊಬ್ಬರವನ್ನೇ ಕಾಣದ ಪಾಲುಗಳಲ್ಲಿ ಸುಮಾರು ೪೦ ಜಾತಿಯ ಸಸ್ಯಗಳು ಒಟ್ಟಿಗೆ ಬಾಳುತ್ತಿವೆ. ಸಾರಜನಕದ ಗೊಬ್ಬರವು ಅಧಿಕವಾಗಿ ಬಿದ್ದು ಮಣ್ಣು ಹುಳಿಯಾದ ಪಾಲುಗಳಲ್ಲಿ ಎರಡು ಮೂರು ಜಾತಿಯ ಹುಲ್ಲಷ್ಟೇ ಉಳಿದಿವೆ. ಸಿರಿಯುಳ್ಳ ಭೂಮಿಯಲ್ಲಿ ಬಲಶಾಲಿಯಾದ ಹುಲ್ಲು ಒಂದೇ ಎದ್ದು, ಉಳಿದವರ ಬೆಳಕನ್ನು ಕಸಿದುಕೊಳ್ಳುವುದು. ಬಡಭೂಮಿಯಲ್ಲಿ ಯಾರೊಬ್ಬರಿಗೂ ಅತಿಶಯವಾದ ಬಲವಿಲ್ಲದುದರಿಂದ ಎಲ್ಲರಿಗೂ ಸ್ಥಳ ದೊರೆಯುವುದು.

ಆದುದರಿಂದ ಉದ್ಯಾನದಲ್ಲಿ ಹೂವಿನ ಬಯಲನ್ನು ಮಾಡುವವರು ಗೊಬ್ಬರವನ್ನು ಹಾಕುವುದಿಲ್ಲ. ಎಷ್ಟೋ ವೇಳೆ ಸತ್ತ್ವವುಳ್ಳ ಮೇಲ್ಮಣ್ಣನ್ನೇ ಕೆರೆದು ತೆಗೆಯುವರು. ವರ್ಷಕ್ಕೊಮ್ಮೆ, ಹೂಗಳು ಬೀಜಗಟ್ಟಿದ ಮೇಲೆ, ಬೇಸಗೆಯ ಕೊನೆಯಲ್ಲಿ ಬಯಲನ್ನು ಕೊಯ್ಯುವರು. ಕೊಯ್ದ ಹುಲ್ಲನ್ನು ಬೀಜ ಉದುರುವಂತೆ ಕೆಲವು ದಿನ ಅಲ್ಲಿಯೇ ಬಿಟ್ಟು, ಅನಂತರ ತಪ್ಪದೆ ಸಾಗಿಸುವರು. ಅದು ಅಲ್ಲಿಯೇ ಕೊಳೆತರೆ ಗೊಬ್ಬರವಾಗುವುದಲ್ಲವೆ?

ಈ ಕಾರ್ಯದಲ್ಲಿ ಅವರಿಗೆ ನೆರವಾಗುವ ಒಂದು ಸಣ್ಣ ಸಸ್ಯವುಂಟು. ಅದರ ಒಣಗಿದ ಕಾಯಿಯೊಳಗೆ ಬೀಜಗಳು ಮಗುವಿನ ಗಿಲಕಿಯಂತೆ ಸದ್ದುಮಾಡುವುದರಿಂದ ಅದಕ್ಕೆ ಯೆಲ್ಲೋ ರ್ಯಾಟಲ್, ಎಂದರೆ ಹಳದಿ ಗಿಲಕಿ, ಎಂದು ಹೆಸರು. ನಮ್ಮಲ್ಲಿ ಮಾವಿನ ಕೊಂಬೆಯ ಮೇಲೆ ಬೆಳೆಯುವ ಬಂದಳಿಕೆಯನ್ನು ವಾಚಕರು ನೋಡಿರಬಹುದು; ಎಲೆ ತನ್ನದು, ನೀರು ಪರರದು. ಹಳದಿ ಗಿಲಕಿಯ ಸ್ವಭಾವವೂ ಅಂತಹುದೇ. ಆದರೆ ಇದು ನೆಲದೊಳಗೆ ತನ್ನ ಬೇರನ್ನು ಹುಲ್ಲಿನ ಬೇರಿಗೆ ಹೊಂದಿಸಿ ಅದರ ಸಾರವನ್ನು ಹೀರುವುದು. ಹುಲ್ಲು ಸೊರಗುವುದು, ಆ ತೆರಪಿನಲ್ಲಿ ಹೂಗಿಡಗಳು ಮೇಲೇಳುವುವು. ಇದರ ಬೀಜಕ್ಕೆ ಒಂದು ಚಳಿಗಾಲದ ತಂಪು ತಗಲದೆ ಮೊಳಕೆಯೊಡೆಯದಾದುದರಿಂದ ಶರತ್ಕಾಲದಲ್ಲಿಯೇ ಬಿತ್ತುವರು. ಹಿಂದೆ ರೈತನು ಮೇವು ಕಡಿಮೆಯಾಯಿತೆಂದು ಶಪಿಸುತ್ತಿದ್ದ ಸಸ್ಯವನ್ನು ಇಂದು ಬೆಲೆಕೊಟ್ಟು ಕೊಂಡು ಬಿತ್ತುತ್ತಿರುವರು.

ಹೂವಿನ ಬಯಲುಗಳಲ್ಲಿ ಎರಡು ಬಗೆ. ಒಂದು ಏಕವಾರ್ಷಿಕ: ವಸಂತದಲ್ಲಿ ಬಿತ್ತಿದರೆ ಅದೇ ಬೇಸಗೆಯಲ್ಲಿ ಅರಳಿ ಮುಗಿಯುವುದು, ಮರುವರ್ಷ ನೆಲವನ್ನು ಮತ್ತೆ ಕದಡಬೇಕು. ಮತ್ತೊಂದು ಬಹುವಾರ್ಷಿಕ: ಮೊದಲ ವರ್ಷ ಹೆಚ್ಚಿನ ಸೊಗಸನ್ನು ತೋರದೆ ಬೇರೂರಿ, ಮುಂದೆ ವರ್ಷವರ್ಷವೂ ಅರಳುವುದು. ಏಕವಾರ್ಷಿಕದ ವೈಭವವನ್ನು ಜಗತ್ತು ೨೦೧೨ರಲ್ಲಿ ಕಂಡಿತು. ಲಂಡನ್ನಿನ ಒಲಿಂಪಿಕ್ ಉದ್ಯಾನದಲ್ಲಿ, ಷೆಫೀಲ್ಡ್ ವಿಶ್ವವಿದ್ಯಾನಿಲಯದ ಡನೆಟ್ ಮತ್ತು ಹಿಚ್‌ಮೋ ಎಂಬ ಪ್ರಾಧ್ಯಾಪಕರ ಯೋಜನೆಯಂತೆ, ಜುಲೈ ತಿಂಗಳ ಕೊನೆಯಲ್ಲಿ ಕ್ರೀಡೆಗಳು ಆರಂಭವಾಗುವ ಹೊತ್ತಿಗೆ ಸರಿಯಾಗಿ ಕ್ರೀಡಾಂಗಣದ ಸುತ್ತಲೂ ಹೊನ್ನಿನ ಬಣ್ಣದ ಹೂಗಳು ಅರಳಿ ನಿಂತುವು. ನೋಡಿದವರೆಲ್ಲರೂ ಬೆರಗಾದರು.

ಕಣ್ಣಿಗೆ ಹಬ್ಬವಾದುದು ಜೇನುನೊಣಕ್ಕೆ ಎಷ್ಟರಮಟ್ಟಿಗೆ ಊಟವಾಗುವುದು? ಇದನ್ನು ಲೆಕ್ಕಹಾಕಿ ನೋಡಿದವರೂ ಉಂಟು. ಬ್ರಿಟನ್ನಿನ ನಾಲ್ಕು ನಗರಗಳಲ್ಲಿ ೩೦೦ ಚದರ ಮೀಟರುಗಳ ಬಯಲುಗಳನ್ನು ಎರಡು ಬಗೆಯ ಬೀಜಗಳಿಂದಲೂ ಬೆಳೆಸಿ, ೨೦೧೩ರ ಮೇ ತಿಂಗಳಿಂದ ಸೆಪ್ಟೆಂಬರಿನವರೆಗೆ ಆರು ಸಲ, ಒಟ್ಟು ೨೦ ಲಕ್ಷಕ್ಕೂ ಹೆಚ್ಚು ಹೂಗಳನ್ನು ಪರಿಶೀಲಿಸಿ, ಅವುಗಳ ಮಕರಂದವನ್ನೂ ಪರಾಗವನ್ನೂ ಅಂದಾಜುಮಾಡಿದರು. ೨೦೧೬ರಲ್ಲಿ ಪ್ರಕಟವಾದ ಅದರ ಫಲಿತಾಂಶವು ಮನನೀಯವಾಗಿದೆ. ಬಹುವಾರ್ಷಿಕದ ಬಯಲು ಏಕವಾರ್ಷಿಕದ ಬಯಲಿಗಿಂತ ೨೦ ಪಟ್ಟಿನವರೆಗೆ ಹೆಚ್ಚು ಮಕರಂದವನ್ನೂ, ಆರು ಪಟ್ಟಿನವರೆಗೆ ಹೆಚ್ಚು ಪರಾಗವನ್ನೂ ಕೊಟ್ಟಿತು. ಆದರೂ ಕತ್ತರಿಸಿದ ಬರಿಯ ಹುಲ್ಲುಹಾಸಿಗಿಂತ ಏಕವಾರ್ಷಿಕದ ಬಯಲೇ ಎಷ್ಟೋ ಮೇಲು. ಹಬ್ಬದ ದಿನದ ಒಂದು ಸಂತರ್ಪಣೆಯು ಒಳ್ಳೆಯದೇ. ನಿತ್ಯವೂ ನಡೆಯುವ ಅನ್ನಸತ್ರವು ಅದಕ್ಕಿಂತ ಒಳ್ಳೆಯದು.

ಅದೇ ಪರಿಶೀಲನೆಯಲ್ಲಿ ಇನ್ನೊಂದು ಸಂಗತಿಯೂ ಹೊರಬಿದ್ದಿತು. ಪರೀಕ್ಷಿಸಿದ ೬೫ ಜಾತಿಗಳಲ್ಲಿ ಒಂದೊಂದು ಹೂವಿಗೆ ಅತ್ಯಧಿಕವಾಗಿ ಮಕರಂದವನ್ನು ಕೊಟ್ಟ ಐದು ಸಸ್ಯಗಳೂ ಯಾರೂ ಬಿತ್ತದ ಕಳೆಗಳು! ಡ್ಯಾಂಡೆಲಿಯನ್ ಎಂಬ ಹಳದಿ ಹೂವಿನ ಕಳೆಯು ಅವುಗಳಲ್ಲೊಂದು. ಅದನ್ನು ಬೇರುಸಹಿತ ಕೀಳುವುದಕ್ಕೆಂದೇ ಅಲ್ಲಿನ ಅಂಗಡಿಗಳಲ್ಲಿ ಸಾಧನಗಳನ್ನು ಮಾರುವರು. ವರ್ಷದ ಆದಿಭಾಗದಲ್ಲಿ, ಬಿತ್ತಿದ ಹೂಗಳು ಇನ್ನೂ ಅರಳದಿರುವಾಗ, ಎರಡು ಬಗೆಯ ಬಯಲುಗಳಲ್ಲಿಯೂ ದೊರೆತ ಅಲ್ಪಸ್ವಲ್ಪ ಆಹಾರವು ಬಹುಮಟ್ಟಿಗೆ ಈ ಕಳೆಗಳದೇ ಆಗಿದ್ದಿತು.

ಈ ಆದಿಭಾಗದ ಆಹಾರಕ್ಕೆ ಅಷ್ಟೇಕೆ ಪ್ರಾಮುಖ್ಯ? ಜೇನುನೊಣವು ಚಳಿಗಾಲಕ್ಕೆಂದು ತುಪ್ಪವನ್ನು ಕೂಡಿಟ್ಟಿರುವುದು. ದುಂಬಿಗೆ ಆ ಉಗ್ರಾಣವಿಲ್ಲ. ಚಳಿಯು ಬಂದೊಡನೆ ದುಂಬಿಯ ಸಂಸಾರವೆಲ್ಲವೂ ಸಾಯುವುದು. ಆ ವರ್ಷ ಹುಟ್ಟಿದ ರಾಣಿಯು ಮಾತ್ರ ಒಂಟಿಯಾಗಿ ಮಣ್ಣಿನೊಳಗೆ ಸೇರಿ ನಿದ್ರೆಮಾಡುವಳು. ವಸಂತದ ಮೊದಲ ಬಿಸಿಲಿಗೆ ಎಚ್ಚೆತ್ತು ಹೊರಬರುವ ಅವಳ ದೇಹದಲ್ಲಿ ಶಕ್ತಿಯು ಉಡುಗಿರುವುದು. ಮುಂದೆ ಬರಬೇಕಾದ ನೂರಾರು ಮಕ್ಕಳ ಭಾಗ್ಯವು ಅಂದು ಅವಳಿಗೆ ಸಿಗುವ ಕೆಲವು ಹೂಗಳ ಮೇಲೆ ನಿಂತಿದೆ. ಜುಲೈ ತಿಂಗಳಲ್ಲಿ ಒಂದು ಲಕ್ಷ ಹೂ ಅರಳಿದರೆ ಮಾರ್ಚಿಯಲ್ಲಿ ಹಸಿದು ಸತ್ತ ರಾಣಿಗೆ ಪ್ರಯೋಜನವೇನು? ಆದುದರಿಂದ ಹೂವಿನ ಬಯಲಿನ ಯೋಗ್ಯತೆಯನ್ನು ಅದರ ಅತ್ಯಂತ ಸೊಗಸಾದ ದಿನದಿಂದ ಅಳೆಯಲಾಗದು. ಅತ್ಯಂತ ಬರಡಾದ ತಿಂಗಳಿನಿಂದಲೇ ಅಳೆಯಬೇಕು. ಈ ಲೇಖನದಲ್ಲಿ ನಾವು ಮುಖ್ಯವಾಗಿ ಹೇಳಬೇಕೆಂದಿರುವ ಮಾತು ಇದೇ.

ಹೂವಿನ ಗೊಡವೆಯೇಕೆ, ಪಟ್ಟಣದಲ್ಲಿ ಜೇನುಪೆಟ್ಟಿಗೆಗಳನ್ನು ಹೆಚ್ಚಾಗಿ ಇಟ್ಟರಾಗದೆ ಎಂದು ಕೆಲವರು ಕೇಳುವರು. ಲಂಡನ್ನಿನಲ್ಲಿ ಅದೂ ನಡೆದಿದೆ. ಮನೆಗಳ ಮಾಳಿಗೆಗಳ ಮೇಲೆಯೂ ಕಚೇರಿಗಳ ಮೇಲೆಯೂ ಪೆಟ್ಟಿಗೆಗಳನ್ನು ಇಟ್ಟರು. ಅಲ್ಲಿನ ಕ್ಯೂ ಸಸ್ಯೋದ್ಯಾನದ ವಿದ್ವಾಂಸರು ೨೦೨೦ರ ವರದಿಯಲ್ಲಿ ಇದರ ವಿಷಯವಾಗಿ ಎಚ್ಚರಿಕೆಯನ್ನಿತ್ತರು: ಇರುವ ಹೂಗಳಿಗೆ ಮೀರಿ ಸಾಕುನೊಣಗಳು ಹೆಚ್ಚಿದರೆ ಕಾಡುಜಾತಿಯ ನೊಣಗಳಿಗೆ ಆಹಾರವು ಸಾಲದೆ ಹೋಗುವುದು. ಪೆಟ್ಟಿಗೆಯನ್ನಿಟ್ಟರೆ ಉಣ್ಣುವ ಬಾಯಿ ಹೆಚ್ಚುವುದೇ ಹೊರತು ತುತ್ತು ಹೆಚ್ಚುವುದಿಲ್ಲ.

ಹೂವಿನ ಬಯಲುಗಳಿಗೆ ಜನರ ಆಕ್ಷೇಪಣೆಯೂ ಇಲ್ಲದಿಲ್ಲ. ಬೇಸಗೆಯ ಕೊನೆಗೆ ಹೂಗಳು ಮುಗಿದು, ಕಡ್ಡಿಗಳು ಕಂದುಬಣ್ಣಕ್ಕೆ ತಿರುಗಿ ಬಾಗಿರುವಾಗ, ತೆರಿಗೆ ಕೊಡುವ ಗೃಹಸ್ಥನಿಗೆ ಅದು ಪುರಸಭೆಯ ಸೋಮಾರಿತನದಂತೆ ತೋರುವುದು ಸಹಜವೇ. ಮಕ್ಕಳಿಗೆ ಆಡಲು ಸಮನಾದ ನೆಲವೂ ಬೇಕು, ಇದನ್ನು ಅಲ್ಲಗಳೆಯಲಾಗದು. ಇದಕ್ಕೆ ಅನುಭವಸ್ಥರು ಕಂಡುಕೊಂಡ ಉಪಾಯವು ಸರಳವಾದುದು. ಆಟದ ನೆಲವನ್ನು ಆಟಕ್ಕೇ ಬಿಡುವರು. ಹೂವಿನ ಬಯಲಿನ ಅಂಚಿನಲ್ಲಿ ಒಂದು ಮೊಳದಗಲದ ಪಟ್ಟಿಯನ್ನು ನೀಟಾಗಿ ಕತ್ತರಿಸಿ, ನಡುವೆ ಒಂದು ಕಾಲುದಾರಿಯನ್ನು ಕೊಯ್ದಿಡುವರು. ಏಕೆ ಹೀಗೆ ಬಿಟ್ಟಿದೆಯೆಂದು ಒಂದು ಹಲಗೆಯ ಮೇಲೆ ಬರೆಯುವರು. ಬೆಳೆದ ಹುಲ್ಲಿಗೆ ಅಂಚುಕಟ್ಟಿದೊಡನೆ ಅದು ಅಲಕ್ಷ್ಯವಲ್ಲ, ಬೇಕೆಂದೇ ಮಾಡಿದುದೆಂದು ನೋಡುವವರಿಗೆ ತಿಳಿಯುವುದು. ಸೀರೆಗೆ ಸೆರಗಿದ್ದಂತೆ ಬಯಲಿಗೆ ಅಂಚು.

ಇದೆಲ್ಲವೂ ಶೀತದೇಶದ ಸಂಗತಿಯಾಯಿತು. ನಾವು ಇದರಿಂದ ಗ್ರಹಿಸಬೇಕಾದುದೇನು? ಅಲ್ಲಿನ ಬೀಜವನ್ನು ತರಿಸಿ ಇಲ್ಲಿ ಚೆಲ್ಲುವುದಂತೂ ಅಲ್ಲ. ಅಲಂಕಾರಕ್ಕೆಂದು ಹೊರದೇಶದಿಂದ ತಂದ ಲಂಟಾನವು ಬಂಡೀಪುರದ ಕಾಡಿನಲ್ಲಿ ಹಬ್ಬಿ ಎಷ್ಟು ತೊಂದರೆಯನ್ನುಂಟುಮಾಡಿರುವುದೆಂದು ಕನ್ನಡಿಗರಿಗೆ ಹೇಳಬೇಕಾಗಿಲ್ಲ. ನಮ್ಮ ಋತುಗಳು ಬೇರೆ, ನಮ್ಮ ನೊಣಗಳು ಬೇರೆ. ಹೆಜ್ಜೇನು, ತುಡುವೆ, ಕೋಲುಜೇನು, ಮಿಸರಿ ಇವುಗಳಿಗೆ ಬೇಕಾದ ಹೂಗಳು ನಮ್ಮ ಹಿತ್ತಿಲಿನಲ್ಲಿಯೂ ಸಾಲುಮರಗಳಲ್ಲಿಯೂ ಇವೆ. ಶಿವಪೂಜೆಗೆ ಕೊಯ್ಯುವ ತುಂಬೆಯ ಹೂವಿನ ಮೇಲೆ ನೊಣಗಳು ಕುಳಿತಿರುವುದನ್ನು ಯಾರು ನೋಡಿಲ್ಲ? ದೇವರಿಗೆ ಪ್ರಿಯವಾದ ಆ ಹೂವನ್ನು ಕಳೆಯೆಂದು ಕಿತ್ತೆಸೆಯುವವರೂ ನಾವೇ. ಹೊಂಗೆಯ ಮರದ ಕೆಳಗೆ ಹೂಗಳು ಉದುರುವ ಕಾಲದಲ್ಲಿ ತಲೆಯೆತ್ತಿ ಕೇಳಿದರೆ ಕೊಂಬೆಗಳೆಲ್ಲವೂ ಝೇಂಕರಿಸುತ್ತಿರುವುವು. ಇವನ್ನು ಬಿತ್ತಬೇಕಾಗಿಲ್ಲ, ಕಡಿಯದೆ, ಕೀಳದೆ, ವಿಷವನ್ನು ಸಿಂಪಡಿಸದೆ ಇದ್ದರೆ ಸಾಕು.

ಸಂಸ್ಕೃತದಲ್ಲಿ ಮಧುಕರವೃತ್ತಿಯೆಂಬ ಒಂದು ಮಾತುಂಟು. ಭಿಕ್ಷುವು ಒಂದೇ ಮನೆಗೆ ಭಾರವಾಗದೆ, ಮನೆಮನೆಯಲ್ಲಿಯೂ ಒಂದೊಂದು ತುತ್ತನ್ನು ಪಡೆದು ಜೀವಿಸುವ ಧರ್ಮಕ್ಕೆ ಆ ಹೆಸರು. ಹೂವಿಗೆ ನೋವಾಗದಂತೆ ಜೇನುನೊಣವು ಸಂಗ್ರಹಿಸುವ ರೀತಿಯೇ ಅದಕ್ಕೆ ಮಾದರಿ. ಆದರೆ ಆ ವೃತ್ತಿಯು ನಡೆಯಬೇಕಾದರೆ ಬಾಗಿಲು ತೆರೆದ ಮನೆಗಳು ಅನೇಕವಿರಬೇಕು, ವರ್ಷದ ಎಲ್ಲ ತಿಂಗಳುಗಳಲ್ಲಿಯೂ ಇರಬೇಕು. ನಮ್ಮ ಗೃಹಿಣಿಯರೂ ಮಕ್ಕಳೂ ಈ ವರ್ಷ ಒಂದು ಕೆಲಸವನ್ನು ಮಾಡಬಹುದು. ತಿಂಗಳಿಗೊಮ್ಮೆ ತಮ್ಮ ಹಿತ್ತಿಲಿನಲ್ಲಿಯೂ ಬೀದಿಯಲ್ಲಿಯೂ ಯಾವ ಯಾವ ಗಿಡದಲ್ಲಿ ಹೂವಿದೆ, ಯಾವುದರ ಮೇಲೆ ನೊಣ ಕುಳಿತಿದೆ ಎಂದು ಒಂದು ಪುಸ್ತಕದಲ್ಲಿ ಬರೆದಿಡಲಿ. ಹನ್ನೆರಡು ಪುಟಗಳು ತುಂಬಿದಾಗ ಯಾವ ತಿಂಗಳು ಬರಿದಾಗಿದೆಯೆಂಬುದು ತಾನೇ ತಿಳಿಯುವುದು. ಆ ತಿಂಗಳಲ್ಲಿ ಅರಳುವ ನಮ್ಮ ನಾಡಿನ ಗಿಡವೊಂದನ್ನು ಆ ಮನೆಯವರು ನೆಟ್ಟರೆ, ಅಷ್ಟರಮಟ್ಟಿಗೆ ಒಂದು ಬಾಗಿಲು ತೆರೆದಂತಾಗುವುದು.